ಮರಳಿ ಬಂದ ಯೋಧನ ಸಾಕ್ಷ್ಯ: ಓಓಕ, ತಿಮ್ಮಯ್ಯ, ದಳವಿ

ಯುದ್ಧವನ್ನು ಕುರಿತ ಸಾಹಿತ್ಯವನ್ನು ಬೆಲೆಗಟ್ಟುವಾಗ ನಮ್ಮಲ್ಲಿ ಎರಡು ಬಗೆಯ ಮಾನದಂಡಗಳು ರೂಢಿಯಲ್ಲಿವೆ. ವೀರರಸದ ಪೋಷಣೆ ಎಷ್ಟರಮಟ್ಟಿಗೆ ಸಿದ್ಧಿಸಿದೆಯೆಂದು ನೋಡುವುದು ಒಂದು. ಕೃತಿಯು ಯುದ್ಧದ ಕ್ರೌರ್ಯವನ್ನು ಖಂಡಿಸಿ ಶಾಂತಿಯನ್ನು ಸಾರುತ್ತದೆಯೇ ಎಂದು ಕೇಳುವುದು ಮತ್ತೊಂದು. ಮೊದಲನೆಯದು ಪ್ರಾಚೀನ ಕಾವ್ಯಗಳ ಪಾಠದಿಂದ ಬಂದುದು. ಎರಡನೆಯದು ಎರಡು ಮಹಾಯುದ್ಧಗಳ ತರುವಾಯ ಪಾಶ್ಚಾತ್ಯ ಕಾದಂಬರಿಗಳ ಓದಿನಿಂದ ಬಂದುದು. ಈ ಎರಡಕ್ಕೂ ಒಗ್ಗದ ಬರಹದ ಜಾತಿ ಇನ್ನೊಂದುಂಟು. ಯುದ್ಧಕ್ಕೆ ಹೋಗಿ ಸಾಯದೆ ಮರಳಿ ಬಂದವನು, ತನ್ನ ದೇಶವು ಮುಂದೆ ಸೈನ್ಯವನ್ನು ಹೇಗೆ ಇಡಬೇಕು, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂಬುದನ್ನು ಕುರಿತು ಬರೆದ ಬರಹ ಅದು. ಅದರಲ್ಲಿ ರಸವೂ ಇರಬಹುದು, ಸಂದೇಶವೂ ಇರಬಹುದು. ಆದರೆ ಅದರ ಜೀವ ಇರುವುದು ಸಾಕ್ಷ್ಯದಲ್ಲಿ. ಸಾಕ್ಷ್ಯವನ್ನು ಓದುವ ಕ್ರಮವು ಕಾವ್ಯವನ್ನು ಓದುವ ಕ್ರಮದಿಂದ ಭಿನ್ನವಾದುದೆಂಬುದನ್ನು ನಾವು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ.

ಈ ಜಾತಿಯ ಬರಹಕ್ಕೆ ಅತ್ಯಂತ ಸಮೃದ್ಧವಾದ ಕ್ಷೇತ್ರ ಜಪಾನು. ಒಂದೇ ಪೀಳಿಗೆಯವರ ಆಯುಷ್ಯದಲ್ಲಿ ಆ ದೇಶದ ಸೈನಿಕ ನೀತಿಯು ಚಕ್ರವರ್ತಿಯ ಹೆಸರಿನ ಸಾಮ್ರಾಜ್ಯವಿಸ್ತಾರದಿಂದ ಸಂಪೂರ್ಣ ಶಸ್ತ್ರತ್ಯಾಗಕ್ಕೂ, ಅಲ್ಲಿಂದ ಮೆಲ್ಲಮೆಲ್ಲನೆ ಪುನಃ ಶಸ್ತ್ರಧಾರಣೆಗೂ ಹೊರಳಿತು. ಆ ಹೊರಳಾಟವನ್ನು ನೋಡುತ್ತ ಬರೆದವರಲ್ಲಿ ಓಓಕ ಶೋಹೆಯ್ (1909–1988) ಪ್ರಮುಖರು. ನಮ್ಮಲ್ಲಿ ಇದಕ್ಕೆ ಸಮೀಪವಾದ ನಿದರ್ಶನಗಳು ಎರಡು: ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು ನಿವೃತ್ತರಾದ ಬಳಿಕ 1962ರ ಜುಲೈಯಲ್ಲಿ ಬರೆದ ಪ್ರಬಂಧ. ಬ್ರಿಗೇಡಿಯರ್ ಜಾನ್ ದಳವಿಯವರು 1969ರಲ್ಲಿ ಪ್ರಕಟಿಸಿದ ‘ಹಿಮಾಲಯನ್ ಬ್ಲಂಡರ್’. ಎರಡನೆಯದನ್ನು ರವಿ ಬೆಳಗೆರೆಯವರು ಅದೇ ಹೆಸರಿನಿಂದ ಕನ್ನಡಕ್ಕೆ ತಂದುದರಿಂದ ಅದು ಕನ್ನಡ ವಾಚಕರ ಸ್ವತ್ತೇ ಆಗಿದೆ. ಈ ಮೂವರ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿ, ಯೋಧನ ಮಾತಿಗೆ ಪ್ರಾಮಾಣ್ಯ ಬರುವುದು ಎಲ್ಲಿಂದ, ಅದರ ಎಲ್ಲೆ ಎಲ್ಲಿ, ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ನಮ್ಮ ನೆಲದ ಮಾತು. ಶಿರ್ತಾಡಿ, ಮೂಡಬಿದಿರೆ, ವೇಣೂರು, ಬಂಟ್ವಾಳಗಳ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ವೀರನೆಂದರೆ ಮೊದಲು ನೆನಪಾಗುವವರು ಗರಡಿಯ ಕೋಟಿ-ಚೆನ್ನಯರು. ಘಟ್ಟದ ಮೇಲಿನ ವಿದ್ಯಾರ್ಥಿಗೆ ಊರ ಹೊರಗಿನ ವೀರಗಲ್ಲು. ಇವೆರಡರಲ್ಲಿಯೂ ವೀರನು ಸತ್ತವನು. ಗರಡಿಯಲ್ಲಿ ಅವನಿಗೆ ನೇಮವುಂಟು, ಕಲ್ಲಿನಲ್ಲಿ ಅವನಿಗೆ ಕೈಲಾಸವುಂಟು. ತುರುಗಳನ್ನು ಮರಳಿಸಿಕೊಂಡು ಬಂದು, ಮುಪ್ಪಿನವರೆಗೆ ಬದುಕಿ, ಆ ಕಾಳಗ ಬೇಕಿತ್ತೇ ಎಂದು ಕೇಳಿದವನಿಗೆ ಯಾರೂ ಕಲ್ಲು ನಿಲ್ಲಿಸಿಲ್ಲ. ಜಪಾನಿನ ಯಾಸುಕುನಿ ದೇವಾಲಯವೂ ಇದೇ ನ್ಯಾಯವನ್ನು ಅನುಸರಿಸಿದುದು. ಅಲ್ಲಿ ಮಡಿದ ಸೈನಿಕನು ದೈವವಾಗುತ್ತಾನೆ, ಬದುಕಿ ಬಂದವನು ಯಾತ್ರಿಕನಷ್ಟೇ ಆಗುತ್ತಾನೆ. ಸತ್ತ ವೀರನು ಪ್ರಭುತ್ವಕ್ಕೆ ಅನುಕೂಲ, ಅವನು ಎದುರಾಡುವುದಿಲ್ಲ.

ಆದರೆ ಪಾಡ್ದನದ ಪ್ರಚಲಿತ ಪಾಠಗಳನ್ನು ಕಿವಿಗೊಟ್ಟು ಕೇಳಿದರೆ ಕೋಟಿ-ಚೆನ್ನಯರು ದೈವವಾಗುವ ಮುನ್ನ ಬೇಡಿಕೆಯುಳ್ಳವರಾಗಿದ್ದರೆಂಬುದು ತಿಳಿಯುತ್ತದೆ. ಪಡುಮಲೆಯ ಬಲ್ಲಾಳನು ಅವರ ತಾಯಿ ದೇಯಿ ಬೈದೆತಿಯ ಚಿಕಿತ್ಸೆಯಿಂದ ಗುಣಹೊಂದಿ ಮಾತು ಕೊಟ್ಟಿದ್ದನು. ಮಕ್ಕಳು ಆ ಮಾತನ್ನು ಕೇಳಿದಾಗ ನಡೆಸಿಕೊಡಲಿಲ್ಲ. ಎಣ್ಮೂರಿನ ಕಾಳಗಕ್ಕೆ ಅವರನ್ನು ಒಯ್ದ ದಾರಿ ಆರಂಭವಾಗುವುದು ಈ ನೆರವೇರದ ಮಾತಿನಲ್ಲಿ. ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದ ಬಂಟ್ವಾಳದ ಪಂಜೆ ಮಂಗೇಶರಾಯರೇ ಕೊಡಗಿನಲ್ಲಿದ್ದಾಗ ‘ಹುತ್ತರಿಯ ಹಾಡ’ನ್ನು ರಚಿಸಿ ಆ ನಾಡಿನ ಕಲಿತನವನ್ನು ಹಾಡಿದರೆಂಬುದು ಇಲ್ಲಿ ಸ್ಮರಣೀಯ. ಕೊಡಗಿನ ಯೋಧನನ್ನು ಹಾಡುವ ಪರಂಪರೆ ನಮ್ಮಲ್ಲಿ ಹೀಗೆ ಬೆಳೆಯಿತು. ಅವನ ಮಾತನ್ನು ಕೇಳುವ ಪರಂಪರೆ ಬೆಳೆಯಲಿಲ್ಲ.

ಹಳಗನ್ನಡ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಕಾಣುವ ‘ಜೋಳವಾಳಿ’ ಎಂಬ ಪದವು ಈ ವಿಚಾರಕ್ಕೆ ಕೀಲಿಕೈಯಂತಿದೆ. ಒಡೆಯನ ಜೋಳವನ್ನು ಉಂಡವನು ಆ ಋಣಕ್ಕಾಗಿ ಪ್ರಾಣ ತೆರಬೇಕೆಂಬುದು ಅದರ ಅರ್ಥವೆಂದು ಪಾಠ ಹೇಳುತ್ತೇವೆ. ಈ ವಿವರಣೆಯಲ್ಲಿ ಋಣವು ಒಂದೇ ಕಡೆಗೆ ಹರಿಯುತ್ತದೆ. ವಾಸ್ತವವಾಗಿ ಅದು ಎರಡು ಪಕ್ಷಗಳ ಒಡಂಬಡಿಕೆ. ಜೋಳವನ್ನು ಕೊಡುವುದು ಒಡೆಯನ ಪಾಲು, ತಲೆಯನ್ನು ಕೊಡುವುದು ಆಳಿನ ಪಾಲು. ಹಾಗಾದರೆ ಒಡೆಯನಿಂದ ಜೋಳವೇ ಬಾರದೆ ಹೋದಾಗ ಏನು? ನಮ್ಮ ಪ್ರಾಚೀನ ಕಾವ್ಯಗಳು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದ್ದು ಕಡಮೆ. ಲೇಯ್ಟೆಯ ಕಾಡಿನಿಂದಲೂ ನಮ್ಕಾ ಛುವಿನ ಕಣಿವೆಯಿಂದಲೂ ಮರಳಿ ಬಂದವರು ಕೇಳುವುದು ಇದನ್ನೇ.

ಓಓಕರು ವೃತ್ತಿಯಿಂದ ಸೈನಿಕರಲ್ಲ. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಸಾಹಿತ್ಯವನ್ನು ಅಭ್ಯಸಿಸಿ ಸ್ತಾಂದಾಲನನ್ನು ಅನುವಾದಿಸುತ್ತಿದ್ದವರನ್ನು 1944ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಸಾಮಾನ್ಯ ಸಿಪಾಯಿಯಾಗಿ ಸೇರಿಸಿಕೊಂಡು ಫಿಲಿಪ್ಪೀನ್ಸಿನ ಮಿಂದೋರೋ ದ್ವೀಪಕ್ಕೆ ಕಳುಹಿದರು. 1945ರ ಜನವರಿಯಲ್ಲಿ ಮಲೇರಿಯಾ ಜ್ವರದಿಂದ ನಿತ್ರಾಣರಾಗಿದ್ದಾಗ ಅಮೆರಿಕನ್ನರ ಕೈಸೆರೆಯಾದರು. ಈ ಅನುಭವದಿಂದ ‘ಫುರ್ಯೋಕಿ’ (ಸೆರೆಯಾಳಿನ ದಾಖಲೆ, 1948), ‘ನೊಬಿ’ (ಬಯಲಿನ ಬೆಂಕಿ, 1951) ಎಂಬ ಕೃತಿಗಳು ಹುಟ್ಟಿದವು. ಎರಡನೆಯದು ಐವನ್ ಮಾರಿಸರ 1957ರ ಇಂಗ್ಲಿಷ್ ಅನುವಾದದ ಮೂಲಕ ಜಗತ್ತಿಗೆ ಪರಿಚಿತವಾಯಿತು. 1959ರಲ್ಲಿ ಇಚಿಕಾವ ಕೊನ್ ಅದನ್ನು ಚಲಚ್ಚಿತ್ರವಾಗಿ ರೂಪಿಸಿದರು.

‘ಫುರ್ಯೋಕಿ’ಯ ಮೊದಲ ಭಾಗದಲ್ಲಿ ಪ್ರಸಿದ್ಧವಾದ ಒಂದು ಸಂದರ್ಭವಿದೆ. ಹುಲ್ಲಿನಲ್ಲಿ ಅಡಗಿ ಮಲಗಿದ್ದ ಲೇಖಕರ ಎದುರಿಗೆ ತರುಣ ಅಮೆರಿಕನ್ ಸೈನಿಕನೊಬ್ಬನು ಬರುತ್ತಾನೆ. ಇವರು ಗುಂಡು ಹಾರಿಸುವುದಿಲ್ಲ. ಏಕೆ ಹಾರಿಸಲಿಲ್ಲ? ಮಾನವಪ್ರೇಮವೇ, ಅಂಜಿಕೆಯೇ, ಸಾಯುವುದು ಹೇಗೂ ಖಚಿತವೆಂಬ ನಿರಾಸೆಯೇ, ಆ ಹುಡುಗನ ಮುಖವನ್ನು ಕಂಡು ಮೂಡಿದ ತಂದೆಯ ಭಾವವೇ? ಒಂದೊಂದು ಕಾರಣವನ್ನೂ ಅವರು ಕೈಗೆತ್ತಿಕೊಂಡು, ಪರೀಕ್ಷಿಸಿ, ಕೆಳಗಿಡುತ್ತಾರೆ. ಸಾಧಾರಣ ಶಾಂತಿವಾದಿಯಾದರೆ ಮೊದಲನೆಯ ಕಾರಣದಲ್ಲಿಯೇ ನಿಂತುಬಿಡುತ್ತಿದ್ದನು. ತಾನು ಮಾಡಿದ ಒಳ್ಳೆಯ ಕಾರ್ಯವನ್ನೂ ಸಂಶಯದಿಂದ ನೋಡಬಲ್ಲವನ ಮಾತಿಗೆ, ಮುಂದೆ ಅವನು ಬೇರೆಯವರನ್ನು ದೂರುವಾಗ, ಬೆಲೆ ಬರುತ್ತದೆ. ಸಾಕ್ಷಿಯ ಮೊದಲ ಯೋಗ್ಯತೆ ಇದು.

‘ನೊಬಿ’ಯ ಆರಂಭವಂತೂ ಒಂದು ಲೆಕ್ಕದ ಪುಸ್ತಕದಂತಿದೆ. ಕ್ಷಯರೋಗಿಯಾದ ತಮುರ ಎಂಬ ಸಿಪಾಯಿಯನ್ನು ತುಕಡಿಯವರು ಐದು ದಿನದ ಆಹಾರದೊಡನೆ ಆಸ್ಪತ್ರೆಗೆ ಅಟ್ಟುತ್ತಾರೆ. ಮೂರು ದಿನಗಳಲ್ಲಿ ಆಸ್ಪತ್ರೆಯವರು ವಾಸಿಯಾಯಿತೆಂದು ಹೇಳಿ ಹೊರಗೆ ಕಳುಹುತ್ತಾರೆ. ತಿನ್ನಲು ತಂದವನಿಗೆ ಮಾತ್ರ ಅಲ್ಲಿ ಹಾಸಿಗೆ. ತುಕಡಿಗೆ ಮರಳಿದರೆ ನಾಯಕನು ಕಪಾಳಕ್ಕೆ ಹೊಡೆದು, ಮತ್ತೆ ಆಸ್ಪತ್ರೆಗೆ ಹೋಗು, ಸೇರಿಸಿಕೊಳ್ಳದಿದ್ದರೆ ಕೈಬಾಂಬಿನಿಂದ ಸಾಯಿ ಎಂದು ಆಜ್ಞಾಪಿಸುತ್ತಾನೆ. ಬೀಳ್ಕೊಡುಗೆಯಾಗಿ ಸಿಗುವುದು ಆರು ಗೆಡ್ಡೆಗಳು. ಜೋಳವಾಳಿಯ ಒಡಂಬಡಿಕೆಯಲ್ಲಿ ಒಡೆಯನ ಪಾಲು ಇಲ್ಲಿ ಆರು ಗೆಡ್ಡೆಗೆ ಇಳಿದಿದೆ. ಆಳಿನ ಪಾಲು ಮಾತ್ರ ಮೊದಲಿನಷ್ಟೇ ಉಳಿದಿದೆ. ಮುಂದೆ ಕಾದಂಬರಿಯು ನರಮಾಂಸಭಕ್ಷಣೆಯ ಘೋರಕ್ಕೆ ಇಳಿಯುತ್ತದೆ. ಅಲ್ಲಿನ ಕ್ರೈಸ್ತ ಸಂಕೇತಗಳನ್ನು ಬಿಡಿಸುವುದರಲ್ಲಿ ಬಹುಮಂದಿ ವಿಮರ್ಶಕರು ಶ್ರಮ ವಹಿಸಿದ್ದಾರೆ. ಆ ಶ್ರಮ ವ್ಯರ್ಥವೆಂದು ನಾವು ಹೇಳುವುದಿಲ್ಲ. ಆದರೆ ಆ ಘೋರವೆಲ್ಲವೂ ಮೊದಲ ಪುಟಗಳ ಲೆಕ್ಕದಿಂದ ಹೊರಟುದು. ಹಸಿವೆಯನ್ನು ಸಂಕೇತವಾಗಿ ಮಾರ್ಪಡಿಸುವ ಮುನ್ನ ಅದನ್ನು ಹಸಿವೆಯೆಂದು ಓದಬೇಕು.

ಇದು ಒಬ್ಬ ಕಾದಂಬರಿಕಾರನ ಕಲ್ಪನೆಯಲ್ಲವೆಂಬುದಕ್ಕೆ ಆಧಾರ ಬೇರೆಯೂ ಇದೆ. ಚೀನಾದಲ್ಲಿ ತರುಣ ಅಧಿಕಾರಿಯಾಗಿ ಕಾದಾಡಿ ಮುಂದೆ ಇತಿಹಾಸಕಾರರಾದ ಫುಜಿವಾರ ಅಕಿರಾ, 2001ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಯುದ್ಧದಲ್ಲಿ ಮಡಿದ ಸುಮಾರು 23 ಲಕ್ಷ ಜಪಾನೀ ಸೈನಿಕರಲ್ಲಿ ಸುಮಾರು 14 ಲಕ್ಷ ಮಂದಿ ಹಸಿವೆಯಿಂದಲೂ ಪೋಷಣೆಯ ಅಭಾವದಿಂದ ಬಂದ ರೋಗಗಳಿಂದಲೂ ಸತ್ತರೆಂದು ಅಂದಾಜು ಮಾಡಿದರು. ಈ ಅಂದಾಜು ಹೆಚ್ಚಾಯಿತೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಅರ್ಧಕ್ಕೆ ಇಳಿಸಿಕೊಂಡರೂ ಸಂಖ್ಯೆಯ ಅರ್ಥ ಬದಲಾಗುವುದಿಲ್ಲ. ವೀರಗಲ್ಲಿನಲ್ಲಿ ಕೆತ್ತಬಹುದಾದ ಮರಣ ಅದಲ್ಲ.

‘ನೊಬಿ’ಯ ಕೊನೆಯಲ್ಲಿ ತಮುರ ತೋಕಿಯೋ ಸಮೀಪದ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾನೆ. ಬೆಳಿಗ್ಗೆ ಸಂಜೆ ಬರುವ ವೃತ್ತಪತ್ರಿಕೆಗಳು ತನಗೆ ಬೇಡವಾದ ಇನ್ನೊಂದು ಯುದ್ಧದ ಕಡೆಗೇ ತನ್ನನ್ನು ನೂಕುತ್ತಿರುವಂತೆ ಅವನಿಗೆ ಕಾಣುತ್ತದೆ. ಯುದ್ಧದಿಂದ ಲಾಭ ಪಡೆಯುವ ಕೆಲವೇ ಮಹನೀಯರಿಗಿಂತ, ಅವರಿಂದ ಮತ್ತೊಮ್ಮೆ ಮೋಸಹೋಗಲು ಸಿದ್ಧರಾದ ಜನರೇ ಅವನಿಗೆ ಬಗೆಹರಿಯದ ಒಗಟು. ಈ ಮಾತುಗಳನ್ನು ಕೃತಿಯ ಪ್ರಕಟಣೆಯ ಕಾಲದೊಡನೆ ಸೇರಿಸಿ ಓದಬೇಕು. 1947ರ ಮೇ 3ರಂದು ಜಾರಿಗೆ ಬಂದ ಜಪಾನಿನ ಸಂವಿಧಾನವು ತನ್ನ ಒಂಬತ್ತನೆಯ ವಿಧಿಯಲ್ಲಿ ಯುದ್ಧವನ್ನೂ ಸೈನ್ಯವನ್ನೂ ತ್ಯಜಿಸಿತ್ತು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಮೊದಲಾಗಲು, ಜುಲೈಯಲ್ಲಿ ಮೆಕಾರ್ಥರನ ಪತ್ರ ಬಂದು, 75,000 ಮಂದಿಯ ‘ಪೋಲೀಸ್ ಮೀಸಲು ಪಡೆ’ ಹುಟ್ಟಿತು. 1954ರಲ್ಲಿ ಅದೇ ಸ್ವರಕ್ಷಣಾ ಪಡೆಯಾಯಿತು. ತಮುರನನ್ನು ಹುಚ್ಚನೆಂದು ಚಿತ್ರಿಸಿ, ದೇಶದ ನೀತಿಯ ಬದಲಾವಣೆಯ ಮೇಲಣ ಅತ್ಯಂತ ಸ್ವಸ್ಥವಾದ ಟೀಕೆಯನ್ನು ಅವನ ಬಾಯಲ್ಲಿಟ್ಟುದು ಓಓಕರ ಜಾಣ್ಮೆ.

ಅವರ ನಡೆನುಡಿಗಳಲ್ಲಿಯೂ ಈ ನಿಷ್ಠುರತೆ ಕಡೆಯವರೆಗೂ ಉಳಿಯಿತು. 1971ರಲ್ಲಿ ಜಪಾನಿನ ಕಲಾ ಅಕಾಡೆಮಿಯ ಸದಸ್ಯತ್ವವು ಒದಗಿ ಬಂದಾಗ, ತಾನು ಸೆರೆಯಾಳಾಗಿದ್ದವನೆಂಬ ಕಾರಣವನ್ನು ಮುಂದೊಡ್ಡಿ ನಿರಾಕರಿಸಿದರು. ಸೆರೆಸಿಕ್ಕುವುದು ಸಾವಿಗಿಂತ ಹೀನವೆಂದು ಕಲಿಸಿದ ಪ್ರಭುತ್ವದ ಮಾತನ್ನೇ ಅದಕ್ಕೆ ಹಿಂದಿರುಗಿಸಿದ ಈ ವಿನಯದಲ್ಲಿ ಎಷ್ಟು ವಿನಯ, ಎಷ್ಟು ವ್ಯಂಗ್ಯ ಎಂಬುದನ್ನು ವಾಚಕರೇ ತೂಗಿ ನೋಡಬಹುದು.

ಹಾಗೆಂದು ಜಪಾನಿನ ಯೋಧರೆಲ್ಲರೂ ಒಂದೇ ತೀರ್ಮಾನಕ್ಕೆ ಬಂದರೆಂದು ತಿಳಿಯಬಾರದು. ಇಲ್ಲಿ ಇಬ್ಬರ ಹೋಲಿಕೆ ಬಹಳ ಬೋಧಪ್ರದ. ಹೈಕು ಕವಿ ಕನೆಕೊ ತೋತ ಅವರು ನೌಕಾದಳದಲ್ಲಿ ಬಟವಾಡೆ ಹಾಗೂ ಸರಬರಾಯಿ ಶಾಖೆಯ ಅಧಿಕಾರಿಯಾಗಿ ತ್ರುಕ್ ದ್ವೀಪದಲ್ಲಿದ್ದು, ತಮ್ಮ ಸುತ್ತಲಿನವರು ಅನ್ನವಿಲ್ಲದೆ ಸಾಯುವುದನ್ನು ಕಂಡರು. ಮುಂದೆ 1982ರಿಂದ 1987ರವರೆಗೆ ಪ್ರಧಾನಮಂತ್ರಿಗಳಾಗಿದ್ದ ನಕಸೊನೆ ಯಸುಹಿರೊ ಅವರೂ ಅದೇ ಶಾಖೆಯ ಅಧಿಕಾರಿಯಾಗಿದ್ದವರು. ನಕಸೊನೆಯವರು ಸಂವಿಧಾನದ ತಿದ್ದುಪಡಿಗಾಗಿಯೂ ಬಲವಾದ ಸೈನ್ಯಕ್ಕಾಗಿಯೂ ಜೀವಮಾನವೆಲ್ಲ ವಾದಿಸಿದರು. ಕನೆಕೊ ಅವರು 2015ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಅಬೆ ಸರ್ಕಾರದ ನೀತಿಯನ್ನು ಒಪ್ಪೆವೆಂಬ ಘೋಷಣೆಯನ್ನು ತಮ್ಮ ಕುಂಚದಿಂದ ಬರೆದುಕೊಟ್ಟರು. ಆ ಬರಹವನ್ನು ಹಿಡಿದು ಸಾವಿರಾರು ಜನ ಬೀದಿಗಿಳಿದರು. 2014ರ ಜುಲೈ 1ರಂದು ಮಂತ್ರಿಮಂಡಲವು ಒಂಬತ್ತನೆಯ ವಿಧಿಯ ಅರ್ಥವನ್ನು ಬದಲಿಸಿ, ಮಿತ್ರರಾಷ್ಟ್ರಕ್ಕಾಗಿಯೂ ಶಸ್ತ್ರ ಹಿಡಿಯಬಹುದೆಂದು ನಿರ್ಣಯಿಸಿತ್ತು. 2015ರ ಸೆಪ್ಟೆಂಬರಿನಲ್ಲಿ ಅದು ಶಾಸನವಾಯಿತು. ಒಂದೇ ಶಾಖೆ, ಒಂದೇ ಬಗೆಯ ಲೆಕ್ಕದ ಪುಸ್ತಕ. ತೀರ್ಮಾನಗಳು ಮಾತ್ರ ಎರಡು. ಲುಬಾಂಗ್ ದ್ವೀಪದಲ್ಲಿ 1974ರವರೆಗೆ ಶರಣಾಗದೆ ಉಳಿದ ಒನೊದ ಹಿರೂ ಅವರು ಯುದ್ಧಾನಂತರದ ಜಪಾನನ್ನೇ ಶಿಥಿಲವೆಂದು ಕಂಡವರು. ಅನುಭವವು ತಾನಾಗಿ ನೀತಿಯನ್ನು ಕಲಿಸುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಶಸ್ತ್ರತ್ಯಾಗದ ಈ ಚರ್ಚೆಯಲ್ಲಿ ನಮ್ಮ ಕಡೆಯ ಒಂದು ಸಾಮ್ಯವು ಸಹಜವಾಗಿಯೇ ನೆನಪಾಗುತ್ತದೆ. ಶಿರ್ತಾಡಿಗೆ ದೂರವಲ್ಲದ ಕಾರ್ಕಳದಲ್ಲಿ 1432ರ, ವೇಣೂರಿನಲ್ಲಿ 1604ರ ಗೊಮ್ಮಟಮೂರ್ತಿಗಳು ನಿಂತಿವೆ. ಪಂಪನ ‘ಆದಿಪುರಾಣ’ದಲ್ಲಿ ಸೇನೆಗಳು ನಿಷ್ಕಾರಣವಾಗಿ ಸಾಯಬಾರದೆಂದು ಮಂತ್ರಿಗಳು ಅಣ್ಣತಮ್ಮಂದಿರ ದ್ವಂದ್ವಯುದ್ಧವನ್ನು ಏರ್ಪಡಿಸುತ್ತಾರೆ, ಮೂಡಬಿದಿರೆಯ ರತ್ನಾಕರವರ್ಣಿಯು ‘ಭರತೇಶವೈಭವ’ದಲ್ಲಿ ಆ ದ್ವಂದ್ವವನ್ನೂ ನಡೆಯಗೊಡದೆ ಭರತನ ನಯವಾದ ಮಾತಿನಿಂದಲೇ ಬಾಹುಬಲಿಯನ್ನು ಕರಗಿಸುತ್ತಾನೆ. ಬಾಹುಬಲಿಯ ತ್ಯಾಗ, ಪಂಪನಲ್ಲಿ, ಗೆದ್ದವನ ತ್ಯಾಗ. ಜಪಾನಿನದು ಸೋತವನ ತ್ಯಾಗ. ಗೆದ್ದವರು ಬರೆಯಿಸಿದುದು ಎಂಬ ಆಕ್ಷೇಪಣೆಯನ್ನು ತಿದ್ದುಪಡಿಯ ಪಕ್ಷದವರು ಎಂದೂ ಬಿಟ್ಟುಕೊಡಲಿಲ್ಲ. ಓಓಕ, ಕನೆಕೊ ಮೊದಲಾದವರು ಮಾಡಿದ ಕೆಲಸವೇನೆಂದರೆ, ಹೇರಲ್ಪಟ್ಟ ತ್ಯಾಗವನ್ನು ತಮ್ಮ ಅನುಭವದ ಬಲದಿಂದ ಸ್ವಂತದ್ದಾಗಿ ಮಾಡಿಕೊಂಡುದು. ಅವರು ಒಬ್ಬೊಬ್ಬರಾಗಿ ತೀರಿಹೋದಂತೆ ಆ ಸ್ವಂತಿಕೆಯೂ ಸವೆಯಿತೆಂಬುದಕ್ಕೆ 2022ರ ಡಿಸೆಂಬರಿನ ನಿರ್ಣಯಗಳು ಸಾಕ್ಷಿ. ಐದು ವರ್ಷಗಳ ರಕ್ಷಣಾವೆಚ್ಚವನ್ನು ಸುಮಾರು 43 ಲಕ್ಷ ಕೋಟಿ ಯೆನ್ನಿಗೆ ಏರಿಸುವ, ಶತ್ರುವಿನ ನೆಲೆಗಳನ್ನು ಹೊಡೆಯುವ ಸಾಮರ್ಥ್ಯವನ್ನು ಹೊಂದುವ ಯೋಜನೆಗೆ ಆಗ ಒಪ್ಪಿಗೆ ದೊರೆಯಿತು. ಕನೆಕೊ 2018ರಲ್ಲಿಯೂ ನಕಸೊನೆ 2019ರಲ್ಲಿಯೂ ತೀರಿಕೊಂಡಿದ್ದರು.

ಇನ್ನು ತಿಮ್ಮಯ್ಯನವರ ವಿಚಾರ. 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಇವರ ಸೈನಿಕ ಜೀವನವು ಜಪಾನಿನೊಡನೆ ಹೆಣೆದುಕೊಂಡ ಬಗೆ ಆಶ್ಚರ್ಯಕರ. 1945ರ ಜನವರಿಯಲ್ಲಿ ಅರಾಕಾನಿನ ಕಾಂಗೌ ಕಾಳಗದಲ್ಲಿ ಜಪಾನೀಯರ ವಿರುದ್ಧ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ನನ್ನು ನಡೆಸಿದರು. ಯುದ್ಧ ಮುಗಿದ ಮೇಲೆ, ಸೋತ ಜಪಾನಿಗೆ ಹೋದ ಕಾಮನ್‌ವೆಲ್ತ್ ಪಡೆಯಲ್ಲಿ 268ನೆಯ ಭಾರತೀಯ ಬ್ರಿಗೇಡಿನ ನಾಯಕತ್ವ ವಹಿಸಿದರು. ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಪದಾತಿದಳದ ಬೆಟಾಲಿಯನ್ ಒಂದು ಅದರಲ್ಲಿತ್ತು. ಜಪಾನಿನ ಹೊಸ ಸಂವಿಧಾನವು ಸಿದ್ಧವಾಗುತ್ತಿದ್ದ ಕಾಲವದು. 1953-54ರಲ್ಲಿ ಕೊರಿಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ತಾಯ್ನಾಡಿಗೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಸೆರೆಯಾಳುಗಳ ಸಮಸ್ಯೆಯನ್ನು ನಿರ್ವಹಿಸಿದರು. ಓಓಕರು ಸೆರೆಯಾಳಿನ ಕಣ್ಣಿನಿಂದ ಕಂಡ ಸಮಸ್ಯೆಯನ್ನು ಇವರು ಅದರ ಹೊರಗೆ ನಿಂತು, ಎರಡು ಪಕ್ಷಗಳ ಬೈಗುಳವನ್ನೂ ಕೇಳಿಕೊಂಡು, ಬಿಡಿಸಬೇಕಾಯಿತು.

1957ರ ಮೇ ತಿಂಗಳಿನಲ್ಲಿ ಭೂಸೇನೆಯ ಮುಖ್ಯಸ್ಥರಾದರು. 1959ರ ಆಗಸ್ಟ್ 31ರಂದು, ರಕ್ಷಣಾ ಸಚಿವ ಕೃಷ್ಣ ಮೆನನ್ನರ ನಡವಳಿಕೆಯಿಂದ ಬೇಸತ್ತು ರಾಜೀನಾಮೆ ಕೊಟ್ಟು, ನೆಹರೂ ಅವರ ಮನವೊಲಿಕೆಯಿಂದ ಹಿಂತೆಗೆದುಕೊಂಡರು. ಈ ಪ್ರಸಂಗವನ್ನು ಎಲ್ಲರೂ ಬಲ್ಲರು. ಅದರ ಮೇಲೆ ನಾವು ಹೆಚ್ಚು ನಿಲ್ಲಬೇಕಾಗಿಲ್ಲ. ನಿವೃತ್ತಿಯ ಬಳಿಕ ದೆಹಲಿಯ ‘ಸೆಮಿನಾರ್’ ಮಾಸಪತ್ರಿಕೆಯ 1962ರ ಜುಲೈ ಸಂಚಿಕೆಯಲ್ಲಿ ಅವರು ಬರೆದ ಪ್ರಬಂಧವೇ ನಮಗೆ ಮುಖ್ಯ. ಪಾಕಿಸ್ತಾನದೊಡನೆ ಪೂರ್ಣಯುದ್ಧದ ಸಾಧ್ಯತೆಯನ್ನು ಎಣಿಸಬಹುದಾದರೂ, ಸೋವಿಯತ್ ರಷ್ಯದ ಬೆಂಬಲವುಳ್ಳ, ಸೈನ್ಯ-ಸಾಮಗ್ರಿ-ವಿಮಾನಬಲಗಳಲ್ಲಿ ಬಹಳ ಮಿಗಿಲಾದ ಚೀನಾವನ್ನು ಭಾರತವು ಒಂಟಿಯಾಗಿ ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿ ತಾನು ಊಹಿಸಿಕೊಳ್ಳಲಾರೆನೆಂದೂ, ಆ ಕಡೆಯ ಭದ್ರತೆಯನ್ನು ರಾಜಕಾರಣಿಗಳೂ ರಾಜತಂತ್ರಜ್ಞರೂ ನೋಡಿಕೊಳ್ಳಬೇಕೆಂದೂ ಅವರು ಬರೆದರು. ಮೂರು ತಿಂಗಳಲ್ಲಿ ಯುದ್ಧವೇ ಬಂದಿತು.

ಈ ಪ್ರಬಂಧವನ್ನು ಸಾಮಾನ್ಯವಾಗಿ ಅರಣ್ಯರೋದನದ ನಿದರ್ಶನವಾಗಿ ಉಲ್ಲೇಖಿಸುವುದು ವಾಡಿಕೆ. ಯೋಧನು ಎಚ್ಚರಿಸಿದನು, ಆಳುವವರು ಕಿವುಡಾದರು ಎಂದು. ಪ್ರಬಂಧವನ್ನು ಸಾವಧಾನವಾಗಿ ಓದಿದರೆ ಅದು ಇನ್ನಷ್ಟು ಸೈನ್ಯ ಬೇಕೆಂಬ ಬೊಬ್ಬೆಯಲ್ಲವೆಂದು ತಿಳಿಯುತ್ತದೆ. ತನ್ನ ವಿದ್ಯೆ ಎಲ್ಲಿಗೆ ಮುಗಿಯುತ್ತದೆಂದು ಬಲ್ಲವನೊಬ್ಬನು ಗೆರೆಯೆಳೆದು ತೋರಿಸಿದ ಬರಹ ಅದು. ರನ್ನನ ‘ಗದಾಯುದ್ಧ’ದಲ್ಲಿ ಶರಶಯ್ಯೆಯ ಭೀಷ್ಮನು ದುರ್ಯೋಧನನಿಗೆ ಮೊದಲು ಸಂಧಿಯನ್ನು ಬೋಧಿಸುತ್ತಾನೆ, ಅವನು ಒಪ್ಪದಿರಲು, ವೈಶಂಪಾಯನ ಸರೋವರದಲ್ಲಿ ಅಡಗಿ ಸಹಾಯ ಬರುವವರೆಗೆ ಕಾಯುವ ಉಪಾಯವನ್ನು ಹೇಳುತ್ತಾನೆ. ನೀತಿಯನ್ನು ಬದಲಿಸಲಾಗದ ಹಿರಿಯ ಯೋಧನ ಎರಡು ಕರ್ತವ್ಯಗಳು ಅಲ್ಲಿ ಕ್ರಮವಾಗಿ ಬರುತ್ತವೆ. ತಿಮ್ಮಯ್ಯನವರಲ್ಲಿಯೂ ಅದೇ ಕ್ರಮ: ರಾಜತಂತ್ರ ಮೊದಲು, ಗಡಿಯಲ್ಲಿ ಹಗುರವಾದ ಚುರುಕಿನ ಪಡೆಗಳ ಸೂಚನೆ ಆಮೇಲೆ. ವೀರಪೂಜೆಯ ಭರದಲ್ಲಿ ನಾವು ಮೊದಲನೆಯದನ್ನು ಮರೆತಿದ್ದೇವೆ.

ದಳವಿಯವರದು ಬೇರೆಯೇ ಬಗೆಯ ಕೃತಿ. 7ನೆಯ ಪದಾತಿ ಬ್ರಿಗೇಡಿನ ನಾಯಕರಾಗಿ ನಮ್ಕಾ ಛು ತೊರೆಯ ದಡದಲ್ಲಿದ್ದ ಅವರು, 1962ರ ಅಕ್ಟೋಬರ್ 20ರ ಚೀನೀ ಆಕ್ರಮಣದಲ್ಲಿ ಬ್ರಿಗೇಡು ನುಚ್ಚುನೂರಾದ ಮೇಲೆ, 22ರಂದು ಸೆರೆಸಿಕ್ಕಿ, 1963ರ ಮೇ ತಿಂಗಳಿನಲ್ಲಿ ಬಿಡುಗಡೆ ಹೊಂದಿದರು. ತಮ್ಮ ಗ್ರಂಥವು ಹುಟ್ಟಿದುದು ಸೆರೆಯಾಳುಗಳ ಶಿಬಿರದಲ್ಲಿಯೇ ಎಂದು ಅವರು ಹೇಳಿಕೊಂಡಿದ್ದಾರೆ. ಸೆರೆಯೇ ಇಲ್ಲಿಯೂ ಬರಹದ ಮೂಲವಾದುದು ಗಮನಾರ್ಹ.

ಗ್ರಂಥದಲ್ಲಿ ಎರಡು ಧ್ವನಿಗಳಿವೆ. ಅವನ್ನು ಬೇರೆಬೇರೆಯಾಗಿ ತೂಗದೆ ಹೋದರೆ ನ್ಯಾಯವಾಗದು. ಸೆಪ್ಟೆಂಬರ್ 8ರಂದು ಧೋಲಾ ಠಾಣೆಗೆ ಚೀನೀಯರು ಬಂದಂದಿನಿಂದ ಅಕ್ಟೋಬರ್ 20ರ ಬೆಳಗಿನವರೆಗಿನ ಅಧ್ಯಾಯಗಳಲ್ಲಿ ಕೇಳುವ ಧ್ವನಿ ಸಾಕ್ಷಿಯದು. ಹಿಮದ ಎತ್ತರದಲ್ಲಿ ಹತ್ತಿಬಟ್ಟೆಯ ಸಮವಸ್ತ್ರ. ಸಿಪಾಯಿಯ ಚೀಲದಲ್ಲಿ 50 ಗುಂಡು. ತ್ಸಾಂಗ್‌ಧರಿನ ಮೇಲೆ ವಿಮಾನದಿಂದ ಎಸೆದ ಸಾಮಗ್ರಿಯ ಬಹುಭಾಗ ಕಮರಿಯ ಪಾಲು. ತೊರೆಯನ್ನು ದಾಟಲು ಮರದ ತೊಲೆಗಳ ಸೇತುವೆ. ನಕಾಶೆಯನ್ನು ನೋಡಿ ದೂರದಿಂದ ಬರುವ ಆಜ್ಞೆ. ಇಲ್ಲಿ ವಾಕ್ಯಗಳು ಚಿಕ್ಕವು, ಕೋಪ ಕೂಡ ಸಂಖ್ಯೆಯ ರೂಪದಲ್ಲಿಯೇ ಬರುತ್ತದೆ. ‘ನೊಬಿ’ಯ ಆರು ಗೆಡ್ಡೆಗಳಿಗೂ ಈ 50 ಗುಂಡುಗಳಿಗೂ ಸಾಹಿತ್ಯದ ಮಟ್ಟದಲ್ಲಿ ಭೇದವಿದ್ದರೂ ಸಾಕ್ಷ್ಯದ ಮಟ್ಟದಲ್ಲಿ ಭೇದವಿಲ್ಲ. ಎರಡೂ ಒಡೆಯನ ಕಡೆಯಿಂದ ಮುರಿದ ಜೋಳವಾಳಿಯ ಲೆಕ್ಕ.

ಎರಡನೆಯ ಧ್ವನಿ ನ್ಯಾಯಾಧೀಶನದು. ನೆಹರೂ, ಮೆನನ್, ಜನರಲ್ ಕೌಲ್ ಇವರ ಸ್ವಭಾವಗಳ ಮೇಲೂ, ಹತ್ತು ವರ್ಷಗಳ ವಿದೇಶಾಂಗ ನೀತಿಯ ಮೇಲೂ ತೀರ್ಪು ಕೊಡುವ ಅಧ್ಯಾಯಗಳಲ್ಲಿ ದಳವಿಯವರು ತಾವು ಕಂಡುದನ್ನು ಬಿಟ್ಟು ಕೇಳಿದುದನ್ನೂ ಓದಿದುದನ್ನೂ ಆಧರಿಸುತ್ತಾರೆ. ಅಲ್ಲಿ ಗದ್ಯವು ಉಬ್ಬುತ್ತದೆ, ವಿಶೇಷಣಗಳು ಹೆಚ್ಚುತ್ತವೆ, ನಡೆದುದೆಲ್ಲವೂ ಮೊದಲೇ ಕಾಣಬಹುದಾಗಿತ್ತೆಂಬ ಹಿಂಬುದ್ಧಿ ತಲೆಯೆತ್ತುತ್ತದೆ. ತೀರ್ಪುಗಳು ತಪ್ಪೆಂದು ನಮ್ಮ ವಾದವಲ್ಲ. ಹಲವು ಸರಿಯೇ ಇರಬಹುದು. ಆದರೆ ನಮ್ಕಾ ಛುವಿನಲ್ಲಿ ಗಳಿಸಿದ ಪ್ರಾಮಾಣ್ಯವು ದೆಹಲಿಯ ಕೋಣೆಗಳ ವಿಷಯದಲ್ಲಿ ಸಲ್ಲುವುದಿಲ್ಲ. ಕನ್ನಡದಲ್ಲಿ ಈ ಗ್ರಂಥದ ಜನಪ್ರಿಯತೆಯು ಬಹುಮಟ್ಟಿಗೆ ಎರಡನೆಯ ಧ್ವನಿಯನ್ನೇ ಅವಲಂಬಿಸಿದೆಯೆಂದು ನಮ್ಮ ಅಭಿಪ್ರಾಯ. ತರಗತಿಯಲ್ಲಿ ವಿದ್ಯಾರ್ಥಿಗಳನ್ನು ಕೇಳಿದರೆ ಯಾರು ಅಪರಾಧಿಯೆಂಬುದನ್ನು ತಟ್ಟನೆ ಹೇಳುತ್ತಾರೆ. ಬ್ರಿಗೇಡಿಗೆ ದಿನಕ್ಕೆ ಎಷ್ಟು ಸಾಮಗ್ರಿ ಬೇಕಿತ್ತು, ಎಷ್ಟು ಬಂದಿತು, ಹೊರುವವರೆಷ್ಟು ಮಂದಿ ಎಂಬುದು ನೆನಪಿರುವುದಿಲ್ಲ. ದೂಷಣೆಗೆ ಒಬ್ಬ ವ್ಯಕ್ತಿ ಸಿಕ್ಕಿದೊಡನೆ ಲೆಕ್ಕವನ್ನು ಮುಚ್ಚಿಡುವ ಈ ಓದು, ವೀರಗಲ್ಲಿನ ಓದಿಗಿಂತ ಹೆಚ್ಚು ಮುಂದುವರಿದುದಲ್ಲ.

ಮೂವರ ಬರಹಗಳೂ ಕೊನೆಗೆ ಹೇಳುವ ನೀತಿ ಒಂದೇ ಅಲ್ಲ. ಓಓಕರು ಶಸ್ತ್ರ ಹಿಡಿಯಬೇಡಿರೆನ್ನುತ್ತಾರೆ. ದಳವಿಯವರು ಶಸ್ತ್ರವಿಲ್ಲದೆ ಕಳುಹಬೇಡಿರೆನ್ನುತ್ತಾರೆ. ತಿಮ್ಮಯ್ಯನವರು ಶಸ್ತ್ರದಿಂದಾಗದ ಕೆಲಸವನ್ನು ಶಸ್ತ್ರಕ್ಕೆ ಒಪ್ಪಿಸಬೇಡಿರೆನ್ನುತ್ತಾರೆ. ಒಬ್ಬರನ್ನು ಶಾಂತಿಪಕ್ಷಕ್ಕೂ ಇನ್ನೊಬ್ಬರನ್ನು ಯುದ್ಧಪಕ್ಷಕ್ಕೂ ಹಂಚಿಕೊಳ್ಳುವುದು ಸುಲಭ. ಹಾಗೆ ಹಂಚಿದಾಗ ಮೂವರೂ ಇಟ್ಟ ಒಂದೇ ಪ್ರಶ್ನೆ ಜಾರಿಹೋಗುತ್ತದೆ: ಕಳುಹಿಸುವವನು ತನ್ನ ಪಾಲನ್ನು ತೆತ್ತಿದ್ದಾನೆಯೇ? 2015ರ ಬೇಸಗೆಯಲ್ಲಿ ತೋಕಿಯೋದ ಬೀದಿಗಳಲ್ಲಿ ಕನೆಕೊ ಅವರ ಕುಂಚದ ಬರಹ ಕಾಣಿಸಿಕೊಂಡಾಗಲೇ ದೆಹಲಿಯ ಜಂತರ್ ಮಂತರಿನಲ್ಲಿ ನಮ್ಮ ನಿವೃತ್ತ ಸೈನಿಕರು ಸಮಾನ ನಿವೃತ್ತಿವೇತನಕ್ಕಾಗಿ ಧರಣಿ ಕುಳಿತಿದ್ದರು. ಒಂದು ನೀತಿಯ ಪ್ರಶ್ನೆ, ಇನ್ನೊಂದು ಹೊಟ್ಟೆಯ ಪ್ರಶ್ನೆ ಎಂದು ಬೇರ್ಪಡಿಸಿದವರುಂಟು. ಜೋಳವಾಳಿಯ ದೃಷ್ಟಿಯಲ್ಲಿ ಅವೆರಡೂ ಒಂದೇ. 2022ರ ಜೂನಿನಲ್ಲಿ ನಾಲ್ಕು ವರ್ಷಗಳ ಸೇವೆಯ ‘ಅಗ್ನಿಪಥ’ ಯೋಜನೆ ಘೋಷಿತವಾಗಿ, ನಾಲ್ವರಲ್ಲಿ ಒಬ್ಬನನ್ನಷ್ಟೇ ಮುಂದೆ ಉಳಿಸಿಕೊಳ್ಳಲಾಗುವುದೆಂದು ತಿಳಿದಾಗ, ನಿವೃತ್ತ ಅಧಿಕಾರಿಗಳು ಪರವಾಗಿಯೂ ವಿರೋಧವಾಗಿಯೂ ಧಾರಾಳವಾಗಿ ಮಾತಾಡಿದರು. ಮಾತಾಡಿದವರಲ್ಲಿ ಸಿಪಾಯಿಗಳು ಕಡಮೆ.

ಇದು ಸಾಹಿತ್ಯಕ್ಕೂ ಅನ್ವಯಿಸುವ ಕೊರತೆ. ಓಓಕರು ಸಾಮಾನ್ಯ ಸಿಪಾಯಿ. ತಿಮ್ಮಯ್ಯ, ದಳವಿ ಇಬ್ಬರೂ ಮೇಲಧಿಕಾರಿಗಳು, ಇಂಗ್ಲಿಷಿನಲ್ಲಿ ಬರೆದವರು. ಕೆಳಗಿನಿಂದ ಕಂಡ ಯುದ್ಧದ ದಾಖಲೆ ನಮ್ಮ ಭಾಷೆಯಲ್ಲಿ ವಿರಳ. ನಮ್ಕಾ ಛುವಿನ ಹಸಿವೆಯನ್ನು ಕೂಡ ನಾವು ಬ್ರಿಗೇಡಿಯರರ ಮೂಲಕವೇ ಬಲ್ಲೆವು.

ಇನ್ನೊಂದು ವ್ಯತ್ಯಾಸವನ್ನು ಹೇಳದೆ ಈ ತುಲನೆ ಪೂರ್ತಿಯಾಗದು. ಓಓಕರು ‘ನೊಬಿ’ಗೆ ತೃಪ್ತರಾಗದೆ, ಇಪ್ಪತ್ತು ವರ್ಷಗಳ ಬಳಿಕ ಲೇಯ್ಟೆಯ ಯುದ್ಧವನ್ನು ಮತ್ತೆ ಕೈಗೆತ್ತಿಕೊಂಡು, ಜಪಾನಿನ ದಾಖಲೆಗಳನ್ನೂ ಅಮೆರಿಕದ ಸೈನ್ಯೇತಿಹಾಸವನ್ನೂ ಬದುಕುಳಿದವರ ನೆನಪುಗಳನ್ನೂ ಒಂದಕ್ಕೊಂದು ಒರೆಹಚ್ಚಿ, 1971ರಲ್ಲಿ ‘ರೇಯ್ತೆ ಸೆಂಕಿ’ ಎಂಬ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಸಾಕ್ಷಿಯೇ ತನ್ನ ಸಾಕ್ಷ್ಯವನ್ನು ಶೋಧಿಸಿದ ಅಪೂರ್ವ ನಿದರ್ಶನವಿದು. ದಳವಿಯವರಿಗೆ ಆ ಅನುಕೂಲ ಇರಲಿಲ್ಲ. ಸೋಲಿನ ಕಾರಣಗಳನ್ನು ವಿಚಾರಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯು 1963ರಲ್ಲಿ ಸಿದ್ಧವಾದರೂ ಗೋಪ್ಯವಾಗಿಯೇ ಉಳಿಯಿತು; 1974ರಲ್ಲಿ ದಳವಿಯವರು ತೀರಿಕೊಳ್ಳುವವರೆಗೂ ಅದು ಹೊರಬರಲಿಲ್ಲ. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಅವರು ತಮ್ಮ ಬಳಿಯಿದ್ದ ಅದರ ಒಂದು ಭಾಗವನ್ನು ಬಹಿರಂಗಪಡಿಸಿದರು. ಆ ಭಾಗವನ್ನು ಮುಂದಿಟ್ಟುಕೊಂಡು ‘ಹಿಮಾಲಯನ್ ಬ್ಲಂಡರ್’ನ ಮೂಲವನ್ನೂ ಕನ್ನಡ ಪಾಠವನ್ನೂ ಪುಟಪುಟಕ್ಕೆ ಹೋಲಿಸಿ, ದಳವಿಯವರು ಕಂಡುದೆಷ್ಟು, ಊಹಿಸಿದುದೆಷ್ಟು, ಕನ್ನಡದಲ್ಲಿ ಒತ್ತು ಬಿದ್ದುದು ಯಾವುದರ ಮೇಲೆ ಎಂಬುದನ್ನು ನಿಷ್ಕರ್ಷಿಸುವ ಕೆಲಸ ಬಾಕಿಯಿದೆ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನ ಎರಡು ವರ್ಷದ ಶ್ರಮಕ್ಕೆ ಅದು ತಕ್ಕ ವಿಷಯ.